ಲಿಫ್ಟರಿಗೆ ಹಚ್ಚಿದ ವಿಭೂತಿ

1983ರಲ್ಲಿ ನಾನು ತರೀಕೆರೆಯ ಒಂದು ಮರಗೆಲಸದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಒಪ್ಪಿಕೊಂಡ ಕೆಲಸ ಮುಗಿಯುವ ತನಕ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುವುದು ನನ್ನ ಜಾಯಮಾನ. ಆ ಸಲ ಅಜ್ಜಂಪುರದ ಒಂದು ಹೊಸ ಕಚೇರಿಗೆ ಕೌಂಟರ್ ಮಾಡಿಕೊಡಬೇಕಿತ್ತು. ವಿಜಯದಶಮಿಯ ಮರುದಿನವೇ ಕಚೇರಿ ಶುರುವಾಗುವುದಿತ್ತು.

ಕೌಂಟರಿನ ಮೇಲ್ಹಲಗೆ ಎಂಟಡಿ ಉದ್ದ, ಮೂರಡಿ ಅಗಲ. ಎರಡು ಪದರ ಪ್ಲೈವುಡ್, ಮೇಲೆ ನುಣುಪಾದ ಸನ್‌ಮೈಕ. ತೂಕ ಐವತ್ತು ಕೆ.ಜಿ.ಗೂ ಮೇಲೆ. ಅದು ಎರಡು ಗೋಡೆಗಳ ನಡುವೆ, ಅಂಟು ಬಳಿದ ಚೌಕಟ್ಟಿನ ಮೇಲೆ ಬಿಗಿಯಾಗಿ ಕೂರಬೇಕು. ಬೆರಳು ತೂರಿಸಿ ಹಿಡಿದರೆ ಬೆರಳು ಒಳಗೇ ಉಳಿದೀತು. ಅದಕ್ಕೆಂದೇ ಗಾಜಿನ ಕೆಲಸದವರು ಬಳಸುವ ಎರಡು ವ್ಯಾಕ್ಯೂಮ್ ಲಿಫ್ಟರ್ ತರಿಸಿದ್ದೆ. ಹಿಡಿಯ ಕೆಳಗೆ ದಪ್ಪ ರಬ್ಬರಿನ ಬಟ್ಟಲುಗಳು. ಹಲಗೆಗೆ ಒತ್ತಿ ಲಿವರ್ ಮಡಚಿದರೆ ಒಳಗಿನ ಗಾಳಿ ತೆಳುವಾಗಿ, ಬಟ್ಟಲುಗಳು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಬರಿಯ ಮರದ ಮೇಲೆ ನಿಲ್ಲುವುದಿಲ್ಲ, ಎಳೆಗಳ ಸಂದಿಯಿಂದ ಗಾಳಿ ನುಗ್ಗುತ್ತದೆ. ರಬ್ಬರಿನ ಅಂಚಿಗೆ ಪುಡಿ ಅಂಟಿದ್ದರೂ ಅಷ್ಟೆ: ಮೊದಲು ಹಿಡಿದಂತೆ ಮಾಡಿ, ಆಮೇಲೆ ಹೇಳದೆ ಕೇಳದೆ ಕೈಬಿಡುತ್ತದೆ.

ನಮ್ಮ ಮುಖ್ಯ ಬಡಗಿ ನಂಜುಂಡಾಚಾರ್ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಉಳಿ ಹಿಡಿಯುವುದನ್ನು ನನಗೆ ಕಲಿಸಿದ್ದೇ ಅವರು. ಆಯುಧಪೂಜೆಯ ದಿನ ಗರಗಸ, ಉಜ್ಜುಗೊರಡು, ಡ್ರಿಲ್ ಎಲ್ಲಕ್ಕೂ ವಿಭೂತಿ ಎಳೆದು ಕುಂಕುಮ ಇಟ್ಟರು. ಲಿಫ್ಟರಿನ ರಬ್ಬರನ್ನೂ ಬಿಡಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಅಜ್ಜಂಪುರದಲ್ಲಿ ಲಿಫ್ಟರ್ ಹೊರತೆಗೆದಾಗ ಆ ಪುಡಿ ಕಣ್ಣಿಗೆ ಬಿತ್ತು. ಒದ್ದೆ ಬಟ್ಟೆ ತೆಗೆದುಕೊಂಡು, ಅತ್ತ ತಿರುಗಿ, ನನ್ನದನ್ನು ಒರೆಸಿಕೊಂಡೆ. ಆಚಾರ್ರು ತಮ್ಮದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಒರೆಸಿ ಎನ್ನುವ ಮಾತು ಬಾಯಿ ತನಕ ಬಂತು. ಹಿರಿಯರು, ಪೂಜೆ ಮಾಡಿದ್ದು, ಹಬ್ಬದ ದಿನ ಬೇರೆ. ನುಂಗಿಕೊಂಡೆ.

ಹಲಗೆಯ ಹಿಂದಿನ ಅಂಚನ್ನು ಚೌಕಟ್ಟಿನ ಮೇಲೆ ಕೂರಿಸಿ, ಮುಂದಿನ ಅಂಚನ್ನು ಇಬ್ಬರೂ ಒಂದೊಂದು ಲಿಫ್ಟರಿನಿಂದ ಎತ್ತಿ ಹಿಡಿದು ಇಳಿಸುತ್ತಿದ್ದೆವು. ಆಚಾರ್ರು ಅಂಟಿನ ಮೇಲೆ ಏನೋ ಕಂಡರು.

“ತಡೀರಿ ಸಾರ್, ಒಂದ್ ಚಕ್ಕೆ ಕೂತದೆ, ತೆಗ್ದ್ಬಿಡ್ತೀನಿ.”

ಎಡಗೈ ಒಳಗೆ ಹೋಯಿತು. ಟಪ್ ಎಂದು ಅವರ ಲಿಫ್ಟರ್ ಬಿಟ್ಟುಕೊಂಡಿತು. ನನ್ನ ಕಡೆಯದು ಕಚ್ಚಿಕೊಂಡೇ ಇತ್ತು, ಆದರೆ ನನ್ನೊಬ್ಬನ ಕೈಗೆ ಹಲಗೆ ನಿಲ್ಲಲಿಲ್ಲ. ಅವರು ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ.

ಎರಡು ಬೆರಳು ಜಜ್ಜಿದ್ದವು. ಒಂದು ವಾಸಿಯಾಯಿತು. ತೋರುಬೆರಳು ಮತ್ತೆ ಮಡಚಲಿಲ್ಲ. ಅವರು ಉಳಿ ಹಿಡಿಯುತ್ತಿದ್ದದ್ದು ಎಡಗೈಯಲ್ಲಿ; ಕೊಡತಿ ಬಲಗೈಯಲ್ಲಿ.

ಎರಡು ತಿಂಗಳ ಮೇಲೆ ಕಾರ್ಖಾನೆಗೆ ಬಂದು ನನ್ನೆದುರು ಕೂತರು.

“ಎರ್ಡಕ್ಕೂ ನಾನೇ ವಿಭೂತಿ ಹಚ್ಚಿದ್ದು. ನಿಮ್ದು ಯಾಕೆ ಬಿಡ್ಲಿಲ್ಲ ಸಾರ್?”

ಸುಳ್ಳು ಹೇಳಬಹುದಿತ್ತು. “ನಾನು ಒರೆಸಿಕೊಂಡಿದ್ದೆ ಆಚಾರ್ರೇ. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ.”

ಅವರು ಮಡಚದ ಬೆರಳನ್ನು ಬಲಗೈಯಲ್ಲಿ ಹಿಡಿದುಕೊಂಡರು.

“ಒಂದ್ ಮಾತು ಅಂದಿದ್ರೆ ನಾನೇ ಒರೆಸ್ತಿದ್ನಲ್ಲ ಸಾರ್. ಶಿವ ಏನ್ ಮುನಿಸ್ಕೊಳ್ತಿದ್ನಾ?”

ಅದಾದ ಮೇಲೆ ಹದಿನೆಂಟು ವರ್ಷ ಅದೇ ಕೆಲಸ ಮಾಡಿದೆ. ಭಾರ ಎತ್ತುವ ಮುಂಚೆ ಎದುರಿಗಿರುವವನ ಲಿಫ್ಟರನ್ನು ಮೊದಲು ಒರೆಸಿ, ಆಮೇಲೆ ನನ್ನದನ್ನು ಒರೆಸುತ್ತಿದ್ದೆ. ಹಿರಿಯರ ಮುಂದೆ ಬಾಯಿ ಮುಚ್ಚಿಕೊಂಡಿದ್ದನ್ನು ಮರ್ಯಾದೆ ಎಂದುಕೊಂಡಿದ್ದೆ. ಅದು ಹೇಡಿತನ, ಅದರ ಬೆಲೆ ತೆತ್ತವರು ಆಚಾರ್ರು.