ವಾಘ್ಯಾನ ಗಂಟಲಲ್ಲಿ ಎಲುಬು ಇರಲಿಲ್ಲ

ಕೊರೊನಾ ಹಾವಳಿ ಇಳಿದ ಮರುವರ್ಷದ ಮಾತು. ಆಗ ನಾನು ಬಸವಕಲ್ಯಾಣ ತಾಲೂಕಿನ ರಾಜೇಶ್ವರದ ಕಡೆ ಪಶುವೈದ್ಯಾಧಿಕಾರಿಯಾಗಿದ್ದೆ. ಮನೆ ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿತ್ತು. ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದೆ. ಎಮ್ಮೆಗಳ ಗರ್ಭಧಾರಣೆ, ಆಡುಗಳ ಲಸಿಕೆ, ಹೊಟ್ಟೆ ಉಬ್ಬರಿಸಿದ ಎತ್ತು, ನನ್ನ ಕೆಲಸ ಬಹುಮಟ್ಟಿಗೆ ಇವುಗಳಲ್ಲೇ ಮುಗಿಯುತ್ತಿತ್ತು. ನಾಯಿಗೆ ಔಷಧಿ ಕೇಳಿಕೊಂಡು ಬರುವವರು ಅಪರೂಪ. ಅಂಥ ಅಪರೂಪದವನಾಗಿ ಒಂದು ಬೆಳಿಗ್ಗೆ ಮಾರುತಿ ಬಂದ. ಊರಾಚೆ ಅವನಿಗೆ ತುಂಡು ಹೊಲವಿತ್ತು. ಉಳಿದಂತೆ ಕಬ್ಬು ಕಡಿಯುವ ಕೂಲಿ. ಹೆಂಡತಿ ತುಳಸಾಬಾಯಿ ಆಡು ಸಾಕಿದ್ದಳು.

“ಸಾಹೇಬ್ರ, ನಮ್ಮ ವಾಘ್ಯಾನ ಗಂಟಲದಾಗ ಎಲುಬು ಸಿಕ್ಕದರಿ. ಬಾಯಿ ಮುಚ್ಚಾಕ ಬರವಲ್ದು, ನೀರೂ ಇಳಿವಲ್ದು.”

“ಎಲುಬು ನೀ ನೋಡಿಯೇನು?”

“ಮುಂಜಾನೆ ಕೈ ಹಾಕಿ ನೋಡೀನ್ರಿ. ಕೈಗೆ ಏನೂ ಹತ್ತಲಿಲ್ಲ.”

ಹೇಳುತ್ತಾ ಆ ಕೈಯನ್ನೇ ಮುಂದೆ ಚಾಚಿದ. ಕಬ್ಬಿನ ರವದಿಯ ಚೂಪು ಎಲೆಗಳು ಕೊಯ್ದ ಗೀರುಗಳು ಇನ್ನೂ ಹಸಿಯಾಗಿದ್ದವು. ಮೊದಲು ಅವನನ್ನು ನಲ್ಲಿಯ ಬಳಿ ಕರೆದೊಯ್ದು, ಸಾಬೂನು ಕೊಟ್ಟು, ನಾನು ಸಾಕೆನ್ನುವವರೆಗೆ ಕೈ ತೊಳೆಸಿದೆ.

ಹುಚ್ಚುನಾಯಿ ಎಂದರೆ ಕಂಡವರ ಮೇಲೆ ಎರಗುವ ನಾಯಿ ಎಂದೇ ಜನ ತಿಳಿದಿರುತ್ತಾರೆ. ರೇಬೀಸ್ ರೋಗಕ್ಕೆ ಇನ್ನೊಂದು ರೂಪವೂ ಇದೆ. ಅದರಲ್ಲಿ ನಾಯಿ ಸುಮ್ಮನಾಗುತ್ತದೆ. ದವಡೆ ಮತ್ತು ಗಂಟಲಿನ ಸ್ನಾಯುಗಳಿಗೆ ಲಕ್ವ ಹೊಡೆದು ಬಾಯಿ ಜೋತು ಬೀಳುತ್ತದೆ, ಜೊಲ್ಲು ಸುರಿಯುತ್ತದೆ. ನೋಡಿದವರಿಗೆ ಗಂಟಲಲ್ಲಿ ಏನೋ ಸಿಕ್ಕಿದಂತೆ ಕಾಣುತ್ತದೆ. ಪ್ರೀತಿ ಇರುವವರೇ ಕೈ ಹಾಕಿ ತೆಗೆಯಲು ಹೋಗುತ್ತಾರೆ. ಕಚ್ಚದಿದ್ದರೂ ಗಾಯದ ಚರ್ಮಕ್ಕೆ ತಾಕಿದ ಜೊಲ್ಲೇ ಸಾಕು.

ದಪ್ಪ ಕೈಗವಸು ತೆಗೆದುಕೊಂಡು ಅವನ ಹಿಂದೆ ಹೋದೆ. ವಾಘ್ಯಾ ಕೊಟ್ಟಿಗೆಯ ಮೂಲೆಯಲ್ಲಿ, ತೊಗರಿ ಕಟ್ಟಿಗೆಯ ರಾಶಿಯ ಹಿಂದಿನ ಕತ್ತಲಲ್ಲಿ ಮಲಗಿತ್ತು. ಕಂದು ಬಣ್ಣದ, ಎದೆ ಅಗಲವಾದ ನಾಯಿ. ನಾಲಿಗೆ ಹೊರಚಾಚಿತ್ತು. ನನ್ನನ್ನು ಕಂಡು ಬೊಗಳಲು ನೋಡಿತು. ಒಡಕು ಸ್ವರವೊಂದು ಬಂದು ಅಲ್ಲೇ ನಿಂತಿತು. ಅದರ ಒಂದು ಕಿವಿ ಹರಿದಿತ್ತು.

“ಈ ಕಿವಿಗೆ ಏನಾಗಿತ್ತು?”

ತುಳಸಾಬಾಯಿ ಹೇಳಿದಳು: “ಹಿಂದಿನ ತಿಂಗಳ ಯಾವುದೋ ನಾಯಿ ಬಂದು ಆಡಿನ ಮ್ಯಾಲ ಬಿದ್ದಿತ್ತರಿ. ಇದು ಗುದ್ದಾಡಿ ಓಡಿಸ್ತು. ಅರಿಶಿಣ ಹಚ್ಚಿದ್ದೆ, ಮಾಯ್ದಿತ್ತು.”

ನಾನು ಕೊಟ್ಟಿಗೆಯ ತಗಡಿನ ಬಾಗಿಲು ಹಾಕಿ ಇಬ್ಬರನ್ನೂ ದೂರ ಕರೆದು ರೋಗದ ಹೆಸರು ಹೇಳಿದೆ.

“ಖಾತ್ರಿ ಏನ್ರಿ?” ಎಂದ ಮಾರುತಿ.

ಖಾತ್ರಿ ಎನ್ನುವ ಹಾಗಿರಲಿಲ್ಲ. ನಾಯಿ ಸತ್ತ ಮೇಲೆ ಮೆದುಳು ಪರೀಕ್ಷಿಸಿದರಷ್ಟೇ ಖಚಿತವಾಗಿ ತಿಳಿಯುತ್ತದೆ. ಲಕ್ಷಣಗಳಂತೂ ಅವೇ ಎಂದೆ.

“ಔಷಧಿ?”

“ಇಲ್ಲ.”

ತುಳಸಾಬಾಯಿ ನನ್ನ ಚೀಲದತ್ತ ನೋಡಿದಳು. “ಹಂಗಾರ ನೀವ್ಯಾಕ ಬಂದ್ರಿ, ಸಾಹೇಬ್ರ?”

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರಿಸುವುದು ಸುಲಭವಿತ್ತೇನೋ. ನಿಮ್ಮ ಸಲುವಾಗಿ ಬಂದೆ ಎಂದೆ. ನಾಯಿಯ ಆರೈಕೆ ಮಾಡಿದ ಇಬ್ಬರೂ ಈಗಲೇ ಬಸವಕಲ್ಯಾಣದ ಆಸ್ಪತ್ರೆಗೆ ಹೋಗಬೇಕು, ಲಸಿಕೆ ಹಾಕಿಸಿಕೊಳ್ಳಬೇಕು, ಮಾರುತಿಯ ಕೈಗೆ ಗಾಯಗಳಿರುವುದರಿಂದ ಆ ಗಾಯಗಳಲ್ಲೇ ಇಮ್ಯುನೋಗ್ಲೋಬ್ಯುಲಿನ್ ಎಂಬ ಚುಚ್ಚುಮದ್ದೂ ಬೇಕು, ರೋಗ ಕಾಣಿಸಿಕೊಂಡ ಮೇಲೆ ನಾಯಿಗೆ ಹೇಗೋ ಮನುಷ್ಯನಿಗೂ ಹಾಗೇ, ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದೆ.

ಮಾರುತಿ ಒಪ್ಪಲಿಲ್ಲ. “ಕಚ್ಚಿಲ್ಲಲ್ರಿ. ವಾಘ್ಯಾ ನನಗ ಕಚ್ಚತದೇನ್ರಿ?”

ಸಾವಿಗೆ ಅವನು ಅಂಜಿದಂತೆ ಕಾಣಲಿಲ್ಲ. ಸೂಜಿ ಚುಚ್ಚಿಸಿಕೊಂಡರೆ ತನ್ನ ನಾಯಿಗೆ ಹುಚ್ಚು ಹಿಡಿದಿದೆ ಎಂದು ತಾನೇ ಒಪ್ಪಿದಂತೆ, ಅದೇ ಅವನಿಗೆ ಆಗದ ಮಾತು. ನಾನು ಗದರಿಸಿದೆ, ಬೇಡಿಕೊಂಡೆ. ಕೊನೆಗೆ ಅವನಿಂದ ಇನ್ನೊಂದು ಮಾತು ಹೊರಬಿತ್ತು.

“ನಾವಿಬ್ಬರೂ ಹೋದ್ರ ಅದರ ಹಂತ್ಯಾಕ ಯಾರ ಇರ್ತಾರ?”

“ನಾ ಇರ್ತೀನಿ.”

“ನಾವು ಬರೋತನ ಕೂಡ್ತೀರೇನ್ರಿ?”

“ಕೂಡ್ತೀನಿ.”

ನೋವಿಲ್ಲದೆ ಮಲಗಿಸುವ ಇಂಜೆಕ್ಷನ್ ಒಂದಿದೆ ಎಂದೂ ಅವರಿಗೆ ಹೇಳಿದೆ. ತುಳಸಾಬಾಯಿ ತಲೆಯಾಡಿಸಿದಳು. “ಬ್ಯಾಡ್ರಿ. ನಮ್ಮ ಮನ್ಯಾಗ ಬೆಳದದ. ಇಲ್ಲೇ ಹೋಗ್ಲಿ.” ನಾನು ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಿತ್ತೇ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅವರು ಹೋದರು. ಆಸ್ಪತ್ರೆಗೆ ಫೋನ್ ಮಾಡಿ ವಿಷಯ ತಿಳಿಸಿ, ಕೊಟ್ಟಿಗೆಯ ಹೊರಗೆ ಒಂದು ಕಲ್ಲಿನ ಮೇಲೆ ಕೂತೆ. ತಗಡಿನ ಸಂದಿಯಿಂದ ನಾಯಿ ಕಾಣುತ್ತಿತ್ತು. ನೀರಿನ ಬೋಗುಣಿಯ ಕಡೆ ತೆವಳುತ್ತಿತ್ತು, ಮೂತಿ ಅದ್ದುತ್ತಿತ್ತು, ನೀರು ಒಳಗಿಳಿಯದೆ ಹಾಗೇ ಹೊರಗೆ ಹರಿಯುತ್ತಿತ್ತು. ಮತ್ತೆ ಅದ್ದುತ್ತಿತ್ತು. ಚೀಲದ ತುಂಬ ಔಷಧಿಯಿತ್ತು. ಆ ಪ್ರಾಣಿಗೆ ಒಂದು ಗುಟುಕು ನೀರು ಕುಡಿಸುವುದು ನನ್ನ ಕೈಲಿರಲಿಲ್ಲ.

ಇಳಿಹೊತ್ತಿಗೆ ಪಕ್ಕದ ಮನೆಯ ಅಜ್ಜ ತುಳಸಾಬಾಯಿಯ ಆಡುಗಳನ್ನು ಹೊಡೆದುಕೊಂಡು ಬಂದ. ಆಡುಗಳ ಸದ್ದು ಅಂಗಳಕ್ಕೆ ಬಂದದ್ದೇ ತಡ, ವಾಘ್ಯಾ ಮುಂಗಾಲೂರಿ ಎದ್ದಿತು. ಹಿಂಗಾಲು ಏಳಲಿಲ್ಲ, ಬಿತ್ತು. ಮತ್ತೆ ಎದ್ದು, ಬಾಗಿಲ ಕಡೆ ಮುಖ ಮಾಡಿ, ಆಡುಗಳೆಲ್ಲ ದೊಡ್ಡಿ ಸೇರುವವರೆಗೆ ಗೋಡೆಗೆ ಒರಗಿ ನಿಂತೇ ಇತ್ತು. ಆಮೇಲೆ ಕುಸಿಯಿತು.

ಗಂಡ ಹೆಂಡತಿ ತೋಳಿಗೆ ಹತ್ತಿ ಒತ್ತಿಕೊಂಡು ವಾಪಸಾದರು. ತುಳಸಾಬಾಯಿ ನಾನು ತೋರಿಸಿದಷ್ಟು ದೂರದಲ್ಲೇ ನಿಂತು “ವಾಘ್ಯಾ” ಎಂದು ಕರೆದಳು. ತೊಗರಿ ಕಟ್ಟಿಗೆಯ ಮೇಲೆ ಬಾಲ ಬಡಿದ ಸದ್ದು ನಮ್ಮೆಲ್ಲರಿಗೂ ಕೇಳಿತು. ಆ ಸದ್ದು ಕೇಳಿ ಮಾರುತಿ ಅತ್ತ.

ಮರುದಿನ ಬೆಳಿಗ್ಗೆ ನಾನು ತಲುಪುವ ಮೊದಲೇ ನಾಯಿ ಸತ್ತಿತ್ತು. ಪರೀಕ್ಷೆಗೆ ತಲೆ ಕೊಡಲು ಅವರು ಒಪ್ಪಲಿಲ್ಲ. ಆಳವಾಗಿ ಗುಂಡಿ ತೋಡಿಸಿ, ಸುಣ್ಣ ಹಾಕಿ ಹೂಳಿಸಿದೆ. ಮಾರುತಿ ಒಂದು ಡೋಸೂ ತಪ್ಪಿಸಲಿಲ್ಲ, ಈಗಲೂ ಗಟ್ಟಿಮುಟ್ಟಾಗಿದ್ದಾನೆ. ನಾನು ವರ್ಗವಾಗುವ ಮುಂಚೆ ಒಮ್ಮೆ ತುಳಸಾಬಾಯಿ ಸಿಕ್ಕಾಗ, ಬೇರೆ ನಾಯಿ ಸಾಕಲಿಲ್ಲವೇ ಎಂದು ಕೇಳಿದೆ. “ಆಡಿಗಿ ಬೇಕಾಗ್ಯದ್ರಿ. ನನಗ ಬ್ಯಾಡಾಗ್ಯದ,” ಎಂದಳು.

ಗುಣಪಡಿಸುವುದು ವೈದ್ಯನ ಕೆಲಸ ಎಂದು ನಾವು ಕಲಿತು ಬಂದವರು. ಅದಾಗದ ಜಾಗದಿಂದ ಬೇಗ ಹೊರಡುವುದೂ ನಮಗೆ ತಾನಾಗಿಯೇ ರೂಢಿಯಾಗುತ್ತದೆ. ಆಡು ಕಾಯುವ ಶಕ್ತಿ ಉಳಿದಿಲ್ಲವೆಂದು ವಾಘ್ಯಾನಿಗೆ ತಿಳಿದಿತ್ತೋ ಇಲ್ಲವೋ, ಆಡು ಬರುವ ಹೊತ್ತಿಗೆ ಅದು ಎದ್ದು ನಿಂತಿತ್ತು. ನನ್ನ ಕೆಲಸದಲ್ಲಿ ಅಷ್ಟನ್ನಾದರೂ ಉಳಿಸಿಕೊಳ್ಳಬೇಕೆಂದು ಆವತ್ತಿನಿಂದ ನೋಡುತ್ತಿದ್ದೇನೆ. ಔಷಧಿ ಇಲ್ಲ ಎಂದು ಹೇಳಬೇಕಾದ ಮನೆಗೂ ಹೋಗುತ್ತೇನೆ. ಹೇಳಿದ ಮೇಲೆ ಜೇಬಿನಿಂದ ಬೈಕಿನ ಕೀಲಿ ತೆಗೆಯದೆ, ಮನೆಯವರು ಇನ್ನೇನಾದರೂ ಕೇಳುವವರೆಗೆ, ಇಲ್ಲವೇ ಏನೂ ಕೇಳದೆ ಒಳಗೆ ಹೋಗುವವರೆಗೆ ಕೂತಿರುತ್ತೇನೆ.