ಮೂರು ಬೆರಳನ್ನು ನಾಲ್ಕು ಮಾಡಿದ ಟಿವಿ

ಗೋಡೆಗೆ ಟಿವಿ ಕೂರಿಸುವವರಲ್ಲಿ ಬೆಣ್ಣೆ ಮೇಸ್ತ್ರಿಯಷ್ಟು ಹೆಸರು ಮಾಡಿದವನು ನಮ್ಮ ಕಡೆ ಇನ್ನೊಬ್ಬನಿರಲಿಲ್ಲ. ಆ ಹೆಸರು ಅವನಿಗೆ ಅವನ ಬಾಯಿಂದಲೇ ಬಂದದ್ದು. ಸೆಟ್ಟು ಗೋಡೆಗೇರಿದ ಮೇಲೆ ಅಂಗಡಿಯವರು ಕೊಟ್ಟ ಗಿಳಿಗಳ ವಿಡಿಯೋ ಹಾಕಿ, ಹಿಂದಕ್ಕೆ ಸರಿದು, ಸೊಂಟಕ್ಕೆ ಕೈಕೊಟ್ಟು ನಿಂತು, "ನೋಡಿ ಯಜಮಾನ್ರೇ, ಬೆಣ್ಣೆ! ಬೆಣ್ಣೆ ಇದ್ದ ಹಾಗಿದೆ!" ಎನ್ನುತ್ತಿದ್ದ. ಮನೆಯವರೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಆಸೆಪಟ್ಟು ತಂದ ಸಾಮಾನು ಚೆನ್ನಾಗಿಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಅವನ ಹೆಂಡತಿ ಬಟ್ಟೆ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ದುಡಿದವಳು. ಮಿಲ್ಲಿನ ಗೇಟಿನ ಮುಂದೆ ನಾವೆಲ್ಲ ಮುಷ್ಕರಕ್ಕೆ ಕೂತ ಕಾಲದಲ್ಲಿ ಘೋಷಣೆ ಕೂಗಲು ಅವಳ ಗಂಟಲೇ ನಮಗೆ ಮೈಕು. ಅವನೂ ಬರುತ್ತಿದ್ದ, ಬಾವುಟಕ್ಕೆ ಕೋಲು ಕಟ್ಟುತ್ತಿದ್ದ, ಪೊಲೀಸರು ಬಂದಾಗ ಓಡುತ್ತಿರಲಿಲ್ಲ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನ ವಿಷಯ ಬರೆಯುವ ಅಗತ್ಯವೇ ಇರಲಿಲ್ಲ.

ಈಗಿನ ಟಿವಿಗಳ ಹಣೆಬರಹ ಸ್ವಲ್ಪ ಹೇಳಬೇಕು. ಡಬ್ಬದ ಮೇಲೆ ನೂರಿಪ್ಪತ್ತು ಎಂದು ಕೊಬ್ಬಿದ ಅಕ್ಷರದಲ್ಲಿ ಬರೆದಿರುತ್ತಾರೆ. ಸೆಕೆಂಡಿಗೆ ನೂರಿಪ್ಪತ್ತು ಸಲ ಪರದೆ ಹೊಸ ಚಿತ್ರ ತೋರಿಸಬಲ್ಲದು ಎಂದು ಅದರ ಅರ್ಥ. ರಿಫ್ರೆಶ್ ರೇಟ್ ಎಂದು ಅಂಗಡಿಯವರು ಊದುವುದು ಇದನ್ನೇ. ತೋರಿಸಬಲ್ಲದು, ನಿಜ. ಆದರೆ ಸೆಟ್ಟಿಗಿರುವ ನಾಲ್ಕು ಸಾಕೆಟ್ಟುಗಳಲ್ಲಿ ಅಷ್ಟು ವೇಗ ತಡೆಯುವುದು ಒಂದೇ ಒಂದು. ಅದಕ್ಕೆ ತಕ್ಕ ವೈರು ಬೇಕು. ಮೆನುವಿನ ಹೊಟ್ಟೆಯೊಳಗೆ ಕೈಹಾಕಿ ಆ ಸಾಕೆಟ್ಟಿನ ಬೀಗ ತೆಗೆಯಬೇಕು. ಇಲ್ಲವಾದರೆ ನೂರಿಪ್ಪತ್ತರ ಸೆಟ್ಟಿಗೆ ಬರುವುದು ಮೂವತ್ತೇ ಚಿತ್ರ. ಕುದುರೆ ತಂದು ಕತ್ತೆ ನಡಿಗೆ ನಡೆಸಿದ ಹಾಗೆ.

ಆ ಒಂದು ಸಾಕೆಟ್ಟು ಇರುವುದು ಸೆಟ್ಟಿನ ನಡುಬೆನ್ನಿನಲ್ಲಿ. ಗೋಡೆಗೆ ಒತ್ತಿ ಸ್ಕ್ರೂ ಬಿಗಿದ ಮೇಲೆ ಅಲ್ಲಿಗೆ ಇಲಿ ಕೂಡ ನುಗ್ಗಲಾರದು. ಹಾಗಾಗಿ ಫಿಟ್ಟರುಗಳಲ್ಲಿ ಒಂದು ರೂಢಿ ಬೆಳೆದಿತ್ತು: ಮೊದಲು ಗೋಡೆಗೆ ಏರಿಸು, ಆಮೇಲೆ ಕೈಗೆ ಸಿಗುವ ಪಕ್ಕದ ಸಾಕೆಟ್ಟಿಗೆ ವೈರು ಚುಚ್ಚು, ಮೆನುವಿನಲ್ಲಿ 'ಸ್ಮೂತ್' ಅನ್ನುವುದನ್ನು ಒತ್ತು, ಮನೆಗೆ ನಡಿ. ಅದನ್ನು ಒತ್ತಿದರೆ ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರಗಳನ್ನು ಟಿವಿ ತಾನೇ ಊಹೆಯಿಂದ ಕಟ್ಟಿ ತುರುಕುತ್ತದೆ. ಚಿತ್ರದ ಓಟ ನಯವಾಗಿ ಕಾಣುತ್ತದೆ. ಗಿಳಿಯ ರೆಕ್ಕೆಗೆ ಅಷ್ಟು ಸಾಕು, ಪುಕ್ಕ ಎಣಿಸುವವರು ಯಾರು? ಇದೇ ನೂರಿಪ್ಪತ್ತು ಎಂದು ಮೇಸ್ತ್ರಿ ಮನಸಾರೆ ನಂಬಿದ್ದ. ಕೆಲಸ ಕಲಿಸಿದವನು ಹಾಗೆ ಮಾಡುತ್ತಿದ್ದ, ಇವನೂ ಹಾಗೇ ಮಾಡಿದ.

ಕಿವಿ ಕೇಳದ ಮಕ್ಕಳ ಶಾಲೆಗೆ ಯಾರೋ ಪುಣ್ಯಾತ್ಮರು ದೊಡ್ಡ ಟಿವಿ, ವೇಗದ ಕ್ಯಾಮೆರಾ, ಒಂದು ಕಂಪ್ಯೂಟರು ಕೊಡಿಸಿದರು. ಅಲ್ಲಿನ ಲೆಕ್ಕದ ಟೀಚರಿಗೂ ಕಿವಿ ಕೇಳದು. ಆದರೆ ಅವರ ಕೈಮಾತು ಅರಳು ಹುರಿದ ಹಾಗೆ. ತರಗತಿ ರೈಲು ಡಬ್ಬಿಯಂತೆ ಉದ್ದ, ಹಿಂದಿನ ಬೆಂಚಿಗೆ ಅವರ ಬೆರಳು ಕಾಣುತ್ತಿರಲಿಲ್ಲ. ಕ್ಯಾಮೆರಾ ಅವರ ಕೈ ಹಿಡಿದು ಹಿಂಬದಿಯ ಗೋಡೆಯ ಟಿವಿಯಲ್ಲಿ ದೊಡ್ಡದು ಮಾಡಿ ತೋರಿಸಬೇಕು, ಹಿಂದಿನ ಬೆಂಚಿನವರು ಅತ್ತ ತಿರುಗಿ ಓದಿಕೊಳ್ಳಬೇಕು. ಏರ್ಪಾಡು ಇಷ್ಟೇ. ಮೇಸ್ತ್ರಿ ಬಂದ, ಗೋಡೆಗೆ ಏರಿಸಿದ, ಪಕ್ಕದ ಸಾಕೆಟ್ಟಿಗೆ ಚುಚ್ಚಿದ, ಬೆಣ್ಣೆ ಎಂದ, ಹೋದ.

ಕೆಲವು ದಿನಕ್ಕೆ ಶಾಲೆಯಿಂದ ದೂರು ಬಂತು. ಮುಂದಿನ ಬೆಂಚಿನವರ ಲೆಕ್ಕ ಸರಿ, ಹಿಂದಿನ ಬೆಂಚಿನವರದು ಪೂರಾ ಎಡವಟ್ಟು. ಕಿವಿ ಕೇಳುವ, ಕೈಮಾತೂ ಬಲ್ಲ ಹೆಡ್‌ಮೇಡಂ ಟೀಚರ ಮಾತನ್ನು ಮೇಸ್ತ್ರಿಗೆ ಬಿಡಿಸಿ ಹೇಳಿದರು: "ಕೈ ಓಡುವಾಗ ಬೆರಳಿಗೆ ಬೆರಳು ಅಂಟ್ಕೊಳ್ಳುತ್ತಂತೆ. ಇವರು ಮೂರು ತೋರಿಸಿದ್ರೆ ಟಿವಿ ನಾಲ್ಕು ತೋರಿಸುತ್ತಂತೆ."

"ಅದು ಹೇಗೆ ಮೇಡಂ? ಟಿವಿ ಏನು ಬೆರಳು ಹೆರುತ್ತಾ?" ಎಂದು ಮೇಸ್ತ್ರಿ ನಕ್ಕ. ಗಿಳಿ ಹಾಕಿದ. ಗಿಳಿ ಚೆನ್ನಾಗಿಯೇ ಹಾರಿತು. ಟೀಚರ್ ಕ್ಯಾಮೆರಾ ಮುಂದೆ ನಿಂತು ಕೈಯಾಡಿಸಿ, ಪರದೆ ನೋಡು ಎಂದು ಬೆರಳು ಮಾಡಿದರು. ಅವನು ಪರದೆ ನೋಡಲಿಲ್ಲ. ಬೇರೆ ಮನೆಯ ಕೆಲಸ ಕಾಯುತ್ತಿತ್ತು, ಕಂಕುಳು ಬೆವತಿತ್ತು, ಒಬ್ಬ ಹೆಂಗಸು ತನ್ನ ಕೆಲಸಕ್ಕೆ ಕೊಂಕು ತೆಗೆಯುತ್ತಿದ್ದಳು. ಮೇಸ್ತ್ರಿ ಹೆಡ್‌ಮೇಡಂ ಅವರ ಪಕ್ಕಕ್ಕೆ ಸರಿದು, ಬೆಂಚುಗಳತ್ತ ಮುಖ ಮಾಡಿಯೇ, ದನಿ ತಗ್ಗಿಸಿ ಹೇಳಿದ: "ಪಾಪ, ಕಿವಿ ಹೋದ ದಾರೀಲೇ ಕಣ್ಣೂ ಹೊರಟ ಹಾಗಿದೆ ಮೇಡಂ. ಮೊದಲು ಇವರನ್ನ ರಿಪೇರಿ ಮಾಡ್ಸಿ, ಟಿವಿ ಆಮೇಲೆ ನೋಡೋಣ."

ಬೆಂಚುಗಳಲ್ಲಿ ಆಡುತ್ತಿದ್ದ ಕೈಗಳೆಲ್ಲ ನಿಂತವು. ಹೆಡ್‌ಮೇಡಂ ನೆಲ ನೋಡಿದರು. ತನ್ನ ಮಾತಿಗೆ ಎದುರು ಮಾತಿಲ್ಲ ಎಂದುಕೊಂಡ ಮೇಸ್ತ್ರಿ, ಅವರು ಕೊಟ್ಟ ಟೀ ಕುಡಿದು, ಏಣಿ ಹೊತ್ತುಕೊಂಡು ಹೊರಟ.

ಅವನ ಕಣ್ಣು ತೆರೆಸಿದವಳು ಗೇಮಕ್ಕ. ಹುಡುಗರಿಗೆ ವಿಡಿಯೋ ಗೇಮ್ ಆಡಿಸುವ ಅಂಗಡಿ ಇಟ್ಟುಕೊಂಡವಳು, ನಾಲಿಗೆಗೆ ಮೂಳೆಯಿಲ್ಲ. ಅವಳ ಅಂಗಡಿಗೂ ಇವನೇ ಟಿವಿ ಹಾಕಿದ್ದ.

"ಏನೋ ಮೇಸ್ತ್ರಿ, ಇಲ್ಲಿ ಬಟನ್ ಒತ್ತಿದ್ರೆ ಅಲ್ಲಿ ಬೊಂಬೆ ಆಕಳಿಸಿ, ಮೈಮುರಿದು, ಆಮೇಲೆ ಹಾರುತ್ತೆ. ಹುಡುಗ್ರು ನನಗೆ ಬೈತಿದ್ದಾರೆ."

"ಬೆಣ್ಣೆ ಹಾಗಿದೆಯಲ್ಲಕ್ಕ!"

"ಬೆಣ್ಣೆ ನೀನೇ ತಿನ್ನು. ರಿಮೋಟ್ ತಾ ಇಲ್ಲಿ." ಅವಳು ಏನೋ ಒತ್ತಿದಳು. ಪರದೆಯ ಮೂಲೆಯಲ್ಲಿ ಸಣ್ಣದಾಗಿ ಮೂವತ್ತು ಎಂದು ಮೂಡಿತು. "ಏನಿದು?"

"ಚಾನೆಲ್ ನಂಬರ್ ಇರ್ಬೇಕು."

"ಚಾನೆಲ್ ನಂಬರಾ? ನಿನ್ನ ತಲೆ! ಸೆಕೆಂಡಿಗೆ ಎಷ್ಟು ಚಿತ್ರ ಬರ್ತಿದೆ ಅಂತ ಟಿವಿನೇ ಹೇಳುತ್ತೆ ಕಣೋ. ಇಷ್ಟು ವರ್ಷ ಇದನ್ನ ಒಂದು ಸಲನೂ ಒತ್ತಿಲ್ವಾ?"

ಒತ್ತಿರಲಿಲ್ಲ. ಅವಳು ಓಡುತ್ತಿದ್ದ ಬೊಂಬೆಯ ಫೋಟೋವನ್ನು ತನ್ನ ಫೋನಿನಲ್ಲಿ ಹಿಡಿದು ಅವನ ಮೂಗಿಗೆ ಹಿಡಿದಳು. ಬೊಂಬೆಗೆ ಮೂರು ಕಾಲು. "ಎರಡು ಗೇಮಿನವರು ಕೊಟ್ಟಿದ್ದು. ಮಧ್ಯದ್ದು ನಿನ್ನ ಸ್ಮೂತು ಹೆತ್ತಿದ್ದು."

ಹುಡುಗರು ಬಿದ್ದು ಬಿದ್ದು ನಕ್ಕರು. ಮೇಸ್ತ್ರಿಗೆ ನಗು ಬರಲಿಲ್ಲ. ಬೊಂಬೆಯ ಕಾಲು ಇದ್ದಲ್ಲಿ ಅವನಿಗೆ ಟೀಚರ ಬೆರಳು ಕಂಡಿತು. ಅವಳೆದುರೇ ಸೆಟ್ಟು ಇಳಿಸಿ, ನಡುಬೆನ್ನಿನ ಸಾಕೆಟ್ಟಿಗೆ ಸರಿಯಾದ ವೈರು ಚುಚ್ಚಿ, ಬೀಗ ತೆಗೆದು, ಸ್ಮೂತ್ ಆಫ್ ಮಾಡಿದ. ಮೂಲೆಯಲ್ಲಿ ನೂರಿಪ್ಪತ್ತು ಮೂಡಿತು, ಬೊಂಬೆ ಬಟನ್ನಿನ ಜೊತೆಗೇ ಹಾರಿತು. ನೂರಿಪ್ಪತ್ತು ಅಂದರೆ ಏನೆಂದು ಅವನು ಮೊದಲ ಸಲ ನೋಡಿದ್ದು ಆವತ್ತೇ. ಬೆಣ್ಣೆ ಎಂದು ಕೂಗಿಕೊಂಡು ಬಂದ ಗೋಡೆಗಳೆಲ್ಲ ಒಂದೊಂದಾಗಿ ನೆನಪಾದವು.

ಅಂಗಡಿಯಿಂದ ಹೊರಬರುವಷ್ಟರಲ್ಲಿ ಹೆಡ್‌ಮೇಡಂ ಫೋನು. "ಮೇಸ್ತ್ರಿ, ನಾಳೆ ಶಾಲೆ ಕಮಿಟಿಯವರು ಬರ್ತಾರೆ. ಟಿವಿ ಸರಿ ಇದೆ ಅಂತ ನೀವು ಒಂದ್ಮಾತು ಹೇಳ್ಬಿಟ್ರೆ ಮುಗೀತು."

"ಏನು ಮುಗೀತು?"

"ಟೀಚರ್ ವಿಷಯ. ಬೆರಳು ಮೊದಲಿನಷ್ಟು ಬಿಡಿಬಿಡಿಯಾಗಿ ಆಡ್ತಿಲ್ಲ, ವಯಸ್ಸಾಯ್ತು ಅಂತಿದ್ದಾರೆ. ಲೆಕ್ಕದ ಪಾಠ ಬಿಡಿಸಿ ಹೊಲಿಗೆ ಕೋಣೆಗೆ ಹಾಕ್ತಾರೆ. ನನಗೂ ಇಷ್ಟ ಇಲ್ಲ. ಆದ್ರೆ ಟಿವಿ ಸರಿ ಇದೆ ಅಂತ ನೀವೇ ಹೇಳಿದ ಮೇಲೆ ನಾನೇನು ಮಾತಾಡ್ಲಿ?"

ಯಂತ್ರ ಕೆಟ್ಟಾಗ ಕೈಯನ್ನು ಹಿಡಿದು ದಂಡಿಸುವುದು ಕಮಿಟಿಗಳ ಹಳೆಯ ಚಾಳಿ. ಮಿಲ್ಲಿನಲ್ಲೂ ನೂಲು ಹರಿದಾಗ ಮಗ್ಗಕ್ಕೆ ಯಾರೂ ನೋಟೀಸು ಕೊಟ್ಟದ್ದಿಲ್ಲ. ಆದರೆ ಈ ಸಲ ಕಮಿಟಿಯ ಕೈಗೆ ಕೋಲು ಕೊಟ್ಟವನು ಬಾವುಟಕ್ಕೆ ಕೋಲು ಕಟ್ಟುತ್ತಿದ್ದವನೇ.

ಸಂಜೆ ಊಟಕ್ಕೆ ಕೂತಾಗ ಅವನು ಹೆಂಡತಿಗೆ ಸಾಕೆಟ್ಟಿನ ಕಥೆ, ಹೆಡ್‌ಮೇಡಂ ಫೋನು ಎರಡೂ ಹೇಳಿದ. ಅವಳು ಕೇಳಿಸಿಕೊಂಡಳು.

"ಅಷ್ಟೇನಾ?"

"ಅಷ್ಟೇ."

"ಮತ್ಯಾಕೆ ತಟ್ಟೇಲಿ ಗೆರೆ ಎಳೀತಾ ಕೂತಿದ್ದೀರಿ?"

"ಒಂದು ಮಾತು ಬಾಯಿ ತಪ್ಪಿ ಬಂತು. ಮೆತ್ತಗೆ ಹೇಳಿದ್ದೆ ಕಣೆ, ಅವರಿಗೇನು ಕೇಳಿಸಿರಲ್ಲ."

"ಏನು ಮಾತು?"

ಹೇಳಿದ. ಅವಳು ಲೋಟ ಕೆಳಗಿಟ್ಟಳು. "ಹೇಳೋವಾಗ ನಿಮ್ಮ ಮುಖ ಯಾವ ಕಡೆ ಇತ್ತು?"

"ಬೆಂಚುಗಳ ಕಡೆ. ಯಾಕೆ?"

ಅವಳು ದನಿಯಿಲ್ಲದೆ ತುಟಿಯನ್ನಷ್ಟೇ ಆಡಿಸಿದಳು: ಹೊಲಸು ಬಾಯಿ. ಅವನಿಗೆ ಸ್ಪಷ್ಟವಾಗಿ ಅರ್ಥವಾಯಿತು. ಅರ್ಥವಾಗದೆ ಏನು? ಮಗ್ಗದ ಶೆಡ್ಡಿನ ಆ ಸದ್ದಿನಲ್ಲಿ ಹೆಂಗಸರೆಲ್ಲ ಮಾತಾಡುತ್ತಿದ್ದದ್ದೇ ತುಟಿಯಲ್ಲಿ. ಗೇಟಿನ ಆಚೆ ನಿಂತು ಅವಳು ತುಟಿಯಲ್ಲೇ 'ಮಗು ಮಲಗ್ತಾ' ಎಂದು ಕೇಳುತ್ತಿದ್ದಳು, ಈಚೆಯಿಂದ ಇವನು ತುಟಿಯಲ್ಲೇ ಹೂಂ ಎನ್ನುತ್ತಿದ್ದ. ಇಡೀ ಸಂಸಾರ ಹಾಗೆ ನಡೆಸಿದವನು ಆ ಮಕ್ಕಳ ಮುಂದೆ ದನಿ ತಗ್ಗಿಸಿ ಸಾಕೆಂದುಕೊಂಡಿದ್ದ.

"ಇಡೀ ಕ್ಲಾಸು ಓದಿದೆ," ಎಂದಳು. "ಹಿಂದಿನ ಬೆಂಚೂ. ಅದಕ್ಕೇನೂ ಟಿವಿ ಬೇಕಾಗಿರಲ್ಲ."

ಅವನ ಮುಖ ಕಾದ ಹೆಂಚಾಯಿತು. "ಕಂಪನಿ ಸೆಟ್ಟೇ ಹಾಗೆ ಬಂದಿತ್ತು ಅಂದ್ಬಿಡ್ಲಾ?" ಎಂದು ಕೇಳಿದ.

"ಅನ್ನಿ. ಟೀಚರ್ ಕೆಲಸ ಉಳಿಯುತ್ತೆ, ನಿಮ್ಮ ಮರ್ಯಾದೆನೂ ಉಳಿಯುತ್ತೆ. ನನ್ನ ಹತ್ರ ಮಾತ್ರ ಹೇಳ್ಬೇಡಿ." ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಕಮಿಟಿಯವರು ಬರುವ ಮೊದಲೇ ಮೇಸ್ತ್ರಿ ಶಾಲೆಗೆ ಹೋದ. ಕಾವಲುಗಾರನ ಕೈಲಿ ಒಂದು ಬದಿ ಹಿಡಿಸಿಕೊಂಡು ಸೆಟ್ಟು ಇಳಿಸಿದ. ಗೇಮಕ್ಕನ ಅಂಗಡಿಯಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಿದ, ಕಂಪ್ಯೂಟರಿನಲ್ಲೂ ನೂರಿಪ್ಪತ್ತು ಆರಿಸಿದ, ಮೂಲೆಯ ಅಂಕಿ ನೋಡಿಕೊಂಡ ಮೇಲೆ ಗೋಡೆಗೇರಿಸಿದ. ಅಷ್ಟು ಹೊತ್ತೂ ಬೆಂಚುಗಳ ಕಡೆ ಬೆನ್ನು ಹಾಕಿಯೇ ಇದ್ದ. ಮಕ್ಕಳ ಕಣ್ಣು ಬೆನ್ನಿಗೆ ಚುಚ್ಚುತ್ತಿತ್ತು.

ಕಮಿಟಿಯವರು ಬಂದು ಕುರ್ಚಿಗಳಲ್ಲಿ ಕೂತರು. ಟೀಚರ್ ಕ್ಯಾಮೆರಾ ಮುಂದೆ ನಿಂತು ಒಂದು ಲೆಕ್ಕ ಹೇಳಿದರು. ಪರದೆಯ ಮೇಲೆ ಬೆರಳುಗಳು ಒಂದಕ್ಕೊಂದು ತಾಕದೆ, ಕೈ ಹೋದ ವೇಗಕ್ಕೇ ಓಡಿದವು. ಹಿಂದಿನ ಬೆಂಚಿನಲ್ಲಿ ಕೈಗಳು ಪಟಪಟ ಎದ್ದವು. ಉತ್ತರ ಸರಿ. ಇನ್ನೊಂದು ಲೆಕ್ಕ. ಅದೂ ಸರಿ.

ಅಧ್ಯಕ್ಷರಿಗೆ ಮುಜುಗರವಾಯಿತು. "ಏನೋ ಸಾಫ್ಟ್‌ವೇರ್ ತೊಂದ್ರೆ ಇದ್ದಿರ್ಬೇಕು, ಅಲ್ವಾ ಮೇಸ್ತ್ರಿ? ಹೊಸ ಸೆಟ್ಟುಗಳಲ್ಲಿ ಇದೆಲ್ಲ ಆಗುತ್ತೆ."

"ಹೂಂ ಸಾರ್," ಎಂದುಬಿಟ್ಟಿತು ಬಾಯಿ.

ಟೀಚರ್ ಅವನ ಮುಖವನ್ನೇ ನೋಡುತ್ತಿದ್ದರು. ಆ ಹೂಂ ಅನ್ನೂ ಓದಿದರು. ಕೋಪವಿಲ್ಲ, ಏನೂ ಇಲ್ಲ. ಇವನಿಂದ ಇನ್ನೇನು ಬಂದೀತು ಎಂಬ ಹಾಗೆ ಕಣ್ಣು ಬೇರೆಡೆ ತಿರುಗಿಸಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

"ಅಲ್ಲ ಸಾರ್," ಎಂದ. "ಸೆಟ್ಟು ಸರಿಯಾಗೇ ಇತ್ತು. ನಾನು ತಪ್ಪು ಸಾಕೆಟ್ಟಿಗೆ ಹಾಕಿದ್ದೆ. ಇವರು ಹೇಳಿದ್ರು, ನಾನು ಪರದೆ ಕಡೆ ಕಣ್ಣೆತ್ತಿ ನೋಡ್ಲಿಲ್ಲ. ಇವರ ಕೈ ಸರಿ ಇದೆ. ಮೊದಲಿಂದಲೂ ಸರಿ ಇತ್ತು."

"ಆಯ್ತು ಬಿಡಿ, ಹೊಲಿಗೆ ಕೋಣೆ ಮಾತು ಇಲ್ಲಿಗೆ ಮುಗೀತು," ಎಂದು ಅಧ್ಯಕ್ಷರು ಏಳಲು ನೋಡಿದರು. ಟೀಚರ್ ಕೈ ಅಡ್ಡ ಮಾಡಿ ಹೆಡ್‌ಮೇಡಂ ಕಡೆ ಏನೋ ಹೇಳಿದರು. ಹೆಡ್‌ಮೇಡಂ ತಡವರಿಸಿದರು.

"ಏನಂತೆ ಮೇಡಂ?" ಎಂದ ಮೇಸ್ತ್ರಿ.

"ಆವತ್ತಿನ ಮಾತು ಮಕ್ಕಳ ಮುಂದೆ ಹೇಳಿದ್ದಂತೆ. ಇದನ್ನೂ ಮಕ್ಕಳಿಗೇ ಹೇಳ್ಬೇಕಂತೆ. ಕ್ಯಾಮೆರಾ ಮುಂದೆ ನಿಂತು, ಹಿಂದಿನ ಬೆಂಚಿಗೂ ಕಾಣೋ ಹಾಗೆ."

ನಿಂತ. ಗೋಡೆಯ ಮೇಲೆ ಅವನ ಮುಖ ಬಂತು. ಹಣೆಯ ಬೆವರಿನ ಹನಿ ಜಾರಿದ್ದು, ಗಂಟಲ ಗಂಟು ಏರಿ ಇಳಿದದ್ದು, ಎಲ್ಲ ಕಂಡಿತು. ಮಸುಕು ಅನ್ನುವುದು ಎಲ್ಲೂ ಇರಲಿಲ್ಲ, ಅದನ್ನು ಅವನೇ ತೆಗೆದಿದ್ದ. ನೆಲ ನೋಡುತ್ತಾ, "ನಾನು ಟೀಚರ್ ಬಗ್ಗೆ ಕೆಟ್ಟದಾಗಿ ಮಾತಾಡ್ದೆ. ತಪ್ಪಾಯ್ತು," ಎಂದ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೈಯಲ್ಲಿ ಏನೋ ಹೇಳಿದಳು. ಮಕ್ಕಳ ಭುಜಗಳು ಕುಲುಕಿದವು.

"ಮೀಸೆ ತುಟಿ ಮುಚ್ತಿದೆಯಂತೆ," ಎಂದರು ಹೆಡ್‌ಮೇಡಂ. "ಅರ್ಧ ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳ್ಬೇಕಂತೆ."

"ಆವತ್ತು ಗೊತ್ತಾಗಿತ್ತಲ್ಲ," ಎಂದು ಮೇಸ್ತ್ರಿ ಗೊಣಗಿದ.

ಹುಡುಗಿ ಅದನ್ನೂ ಓದಿದಳು. ಅವಳ ಕೈ ಚುರುಕಾಗಿ ಆಡಿತು. ಹೆಡ್‌ಮೇಡಂ ನಗು ತಡೆದುಕೊಂಡು ಹೇಳಿದರು: "ಬೈಗುಳಕ್ಕಾದ್ರೆ ಅರ್ಧ ತುಟಿ ಸಾಕಂತೆ."

ಮೇಸ್ತ್ರಿ ಎರಡು ಬೆರಳಿನಿಂದ ಮೀಸೆ ಮೇಲಕ್ಕೆತ್ತಿ ಹಿಡಿದ. ತಲೆಯೆತ್ತಿ, ಕ್ಯಾಮೆರಾ ನೋಡುತ್ತಾ, ಮೊದಲಿಂದ ಹೇಳಿದ. ಈ ಸಲ ತಾನು ಆವತ್ತು ಆಡಿದ ಮಾತನ್ನೂ ಪೂರ್ತಿ ಹೇಳಿ, ಅದು ತಪ್ಪು ಎಂದ.

ಟೀಚರ್ ಮುಗಿಯುವವರೆಗೆ ಕಾದರು. ಪರವಾಗಿಲ್ಲ ಎನ್ನಲಿಲ್ಲ, ನಗಲೂ ಇಲ್ಲ. ಅವನ ಭುಜ ಹಿಡಿದು ಕ್ಯಾಮೆರಾದ ಮುಂದಿನಿಂದ ಪಕ್ಕಕ್ಕೆ ಸರಿಸಿ, ಮುಂದಿನ ಲೆಕ್ಕ ಶುರುಮಾಡಿದರು. ಬಾಗಿಲು ಆಚೆ ಬದಿಗಿತ್ತು. ಹೋಗಬೇಕೆಂದರೆ ಮತ್ತೆ ಕ್ಯಾಮೆರಾವನ್ನು ಹಾದೇ ಹೋಗಬೇಕು. ಅಷ್ಟು ಧೈರ್ಯ ಅವನಲ್ಲಿ ಉಳಿದಿರಲಿಲ್ಲ. ಆ ಶಾಲೆಯಲ್ಲಿ ಗಂಟೆ ಹೊಡೆಯುವುದಿಲ್ಲ, ಪಾಠ ಮುಗಿದರೆ ದೀಪ ಮಿಣುಕಿಸುತ್ತಾರೆ. ದೀಪ ಮಿಣುಕುವವರೆಗೂ ಅವನು ಗೋಡೆಗೆ ಅಂಟಿಕೊಂಡು ನಿಂತೇ ಇದ್ದ.