ಒಂಟೆಗಪ್ಪೆಯ ದಶಮಿ

ಆಗ ನನಗೆ ಎಪ್ಪತ್ತಮೂರು. ಈಗ್ಗೆ ನಾಲ್ಕು ವರ್ಷದ ಮಾತು. ಹೊರದೇಶದ ಟೋಟೆಮ್ ಲೇಕ್ ಎಂಬ ಊರಿನಲ್ಲಿರುವ ಮಗಳ ಮನೆಯಲ್ಲಿ, ಸಾಮಾನು ತುಂಬಿಕೊಂಡು ಬಂದಿದ್ದ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿ, ಮೇಲೆ ಅಳಿಯನ ಮದುವೆ ಪಂಚೆ ಹೊದಿಸಿ, ದಸರಾ ಗೊಂಬೆಗೆ ಮೆಟ್ಟಿಲು ಮಾಡಿದ್ದೆ. ಮರದ ಮೆಟ್ಟಿಲೇ ಬೇಕು ಎಂದು ಗೊಂಬೆಗಳೇನೂ ಹಟ ಹಿಡಿಯುವುದಿಲ್ಲ. ಹಿಡಿಯುವವರು ನೋಡಲು ಬರುವ ಹೆಂಗಸರು, ಅವರ ಕೈಗೆ ಬಿಸಿ ಉಸಲಿ ಕೊಟ್ಟರೆ ಅದೂ ಮುಗಿಯುತ್ತದೆ.

ನಮ್ಮ ಮನೆತನದಲ್ಲಿ ಗೊಂಬೆ ಕೂರಿಸುವುದಕ್ಕೆ ಎರಡು ಕಟ್ಟುಪಾಡು ಉಂಟು. ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಸೇರಬೇಕು. ಕೂರಿಸಿದ ಗೊಂಬೆಯನ್ನು ವಿಜಯದಶಮಿಯ ದಿನ ಮಲಗಿಸುವ ತನಕ ಅಲುಗಿಸಬಾರದು. ಯಾಕೆ ಎಂದು ಮದುವೆಯಾದ ಹೊಸತರಲ್ಲಿ ಅತ್ತೆಯನ್ನು ಕೇಳಿದ್ದೆ. ‘ಯಾಕೆ ಅಂತ ಕೇಳಿದೋಳು ಈ ಮನೇಲಿ ನೀನೇ ಮೊದಲು’ ಅಂದರು. ಮತ್ತೆ ಕೇಳಲಿಲ್ಲ.

ಆ ವರ್ಷ ಹೊಸ ಗೊಂಬೆ ಇರಲಿಲ್ಲ. ಮಗಳು ರೇವತಿ ಕೆಂಟ್ ಎಂಬ ದೂರದ ಊರಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾಳೆ. ಹೊತ್ತು ಹುಟ್ಟುವ ಮೊದಲೇ ಕಾರು ಹತ್ತಿರುತ್ತಾಳೆ, ಅವಳಿಗೆ ಗೊಂಬೆ ತಾ ಎಂದು ಹೇಳುವುದು ಯಾವಾಗ? ಪಟ್ಟದ ರಾಜ ರಾಣಿಯನ್ನು ಕೂರಿಸಿ ಸುತ್ತ ನೋಡಿದರೆ, ಸೋಫಾದ ದಿಂಬಿಗೆ ಒರಗಿಕೊಂಡು ಒಬ್ಬ ಕೂತಿದ್ದ. ಗೇಣುದ್ದದ ಪ್ಲಾಸ್ಟಿಕ್ ಗೊಂಬೆ. ತಲೆ ಒಂಟೆಯದು, ಹೊಟ್ಟೆ ಮತ್ತು ಕಾಲು ಕಪ್ಪೆಯವು, ಹಿಂದೆ ಹುಂಜದ ಬಾಲ, ಕಾಲಿಗೆ ಮಾತ್ರ ಪಟ್ಟೆಪಟ್ಟೆ ಕಾಲುಚೀಲ, ಮೈಮೇಲೆ ಬೇರೇನೂ ಇಲ್ಲ. ಮೊಮ್ಮಗಳು ಇಂಚರಳದ್ದಿರಬೇಕು, ಮನೆಗೆ ಹೊಸದು, ಅಷ್ಟು ಸಾಕು ಎಂದುಕೊಂಡೆ. ಒರೆಸಿ, ಹಣೆಗೆ ಅರಿಶಿನ ಕುಂಕುಮ ಇಟ್ಟು, ಪಟ್ಟದ ರಾಣಿಯ ಪಕ್ಕ ಕೂರಿಸಿದೆ. ರಾಣಿ ಏನೂ ಅನ್ನಲಿಲ್ಲ.

ಎಂಟು ವರ್ಷದ ಇಂಚರ ಸ್ಕೂಲಿನಿಂದ ಬಂದವಳು ಅದನ್ನು ನೋಡಿ ನೆಲದಲ್ಲಿ ಬಿದ್ದು ನಕ್ಕಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಇಂಗ್ಲಿಷೇ ಬರುವುದು. ‘ಅಜ್ಜಿ, ಹಿ ಇಸ್ ನಾಟ್ ಗಾಡ್’ ಅಂದಳು. ‘ರಾಣಿ ಏನು ದೇವರಾ? ಸುಮ್ಮನೆ ಕೈಮುಗಿ’ ಅಂದೆ. ಮುಗಿದಳು. ಆಮೇಲೆ ಇವನು ಯಾರೆಂದು ತೋರಿಸಲು ಟಿವಿ ಹಾಕಿದಳು.

ಜಪಾನಿನ ಕಾರ್ಟೂನು. ಇವನೇ ಅದರಲ್ಲಿ ನಾಯಕ. ಅಲ್ಲಿಯ ಹೆಸರು ನನ್ನ ನಾಲಿಗೆಗೆ ಒಗ್ಗಲಿಲ್ಲ, ನಾನು ಒಂಟೆಗಪ್ಪೆ ಅಂದೆ. ಮಾತು ಜಪಾನಿಯದು, ಕೆಳಗೆ ಓಡುವ ಅಕ್ಷರ ಇಂಗ್ಲಿಷಿನದು. ಮೂರನೇ ಕ್ಲಾಸಿಗೆ ಸ್ಲೇಟು ಇಟ್ಟು ಎದ್ದು ಬಂದ ನನಗೆ ಎರಡೂ ಒಂದೇ. ಆದರೆ ಬೀಳುವುದಕ್ಕೆ ಭಾಷೆ ಬೇಕೆ? ಅವನು ಬೀಳುತ್ತಲೇ ಇರುತ್ತಾನೆ. ತಲೆ ಒಂಟೆಯದಲ್ಲವೆ, ಅದು ನಿಧಾನಕ್ಕೆ ಹೋಗೋಣ ಅನ್ನುತ್ತದೆ. ಕಾಲು ಕಪ್ಪೆಯದು, ಆಗಲೇ ಹಾರಿರುತ್ತದೆ. ಬಾಲ ತನಗೆ ತೋಚಿದಾಗ ಬೆಳಗಾಯಿತೆಂದು ಕೂಗುತ್ತದೆ. ಒಂಟೆಗಳ ಓಟದ ಪಂದ್ಯಕ್ಕೆ ಹೋದರೆ ಅವು ಹೊಟ್ಟೆ ನೋಡಿ ಓಡಿಸುತ್ತವೆ, ಕಪ್ಪೆಗಳ ಕೊಳಕ್ಕೆ ಹೋದರೆ ಅವು ಕತ್ತು ನೋಡಿ ಓಡಿಸುತ್ತವೆ. ಒದೆ ತಿಂದು ಚರಂಡಿಗೆ ಬಿದ್ದು ಎದ್ದು, ಕಾಲುಚೀಲ ಮೇಲಕ್ಕೆ ಎಳೆದುಕೊಂಡು, ಏನೂ ಆಗದವನ ಹಾಗೆ ಹೊರಡುತ್ತಾನೆ. ನೋಡುವವರೆಲ್ಲ ನಗಬೇಕು, ಅವನ ಮುಖದಲ್ಲಿ ಮಾತ್ರ ನಗುವಿಲ್ಲ. ತಾನು ತಮಾಷೆ ಎನ್ನುವುದನ್ನು ಅವನಿಗೆ ಯಾರೂ ಹೇಳಿಲ್ಲ.

ನೀವೇ ಯೋಚನೆ ಮಾಡಿ. ಮನುಷ್ಯನ ಮೈಗೆ ಆನೆಯ ತಲೆ ಇಟ್ಟರೆ ಕಡುಬು ಮಾಡಿ ಬಡಿಸುತ್ತೇವೆ, ಸಿಂಹದ ತಲೆ ಇಟ್ಟರೆ ನಡುಗುತ್ತೇವೆ, ಒಂದೇ ಹಕ್ಕಿಗೆ ಎರಡು ತಲೆ ಇಟ್ಟರೆ ಅರಮನೆಯ ಬಾಗಿಲಿಗೆ ಕೆತ್ತಿಸುತ್ತೇವೆ, ಒಂಟೆಯ ತಲೆ ಇಟ್ಟರೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತೇವಲ್ಲ, ಇದು ಯಾವ ನ್ಯಾಯ? ಜೋಡಿಸಿದವನು ಗಂಭೀರವಾಗಿದ್ದರೆ ದೇವರು, ನಗುತ್ತ ಜೋಡಿಸಿದರೆ ಒಂಟೆಗಪ್ಪೆ, ಅಷ್ಟೇ ವ್ಯತ್ಯಾಸ ಎಂದು ನನಗೆ ಕಾಣುತ್ತದೆ. ತಪ್ಪಾಗಿದ್ದರೆ ತಿಳಿದವರು ತಿದ್ದಿಕೊಳ್ಳಲಿ.

ನನ್ನ ಅವತಾರವೇನು ಕಡಿಮೆಯೆ? ಮರುದಿನ ಇಂಚರಳನ್ನು ಸ್ಕೂಲ್ ಬಸ್ಸಿನಿಂದ ಇಳಿಸಿಕೊಂಡು ಬರುವಾಗ ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಂಡೆ. ತಲೆಗೆ ಮಂಕಿ ಟೋಪಿ, ಮೈಗೆ ಮೊಣಕಾಲು ಮುಟ್ಟುವ ಅಳಿಯನ ಜಾಕೆಟ್ಟು, ಅದರ ಕೆಳಗೆ ಮಳೆಗೆ ಒದ್ದೆಯಾದ ಸೀರೆ, ಅದರ ಕೆಳಗೆ ಮಗಳ ಓಡುವ ಬೂಟು. ಇಂಚರ ಕನ್ನಡಿಯನ್ನೂ ನನ್ನನ್ನೂ ನೋಡಿ, ‘ಯು ಲುಕ್ ಲೈಕ್ ಹಿಮ್’ ಅಂದಳು. ‘ಬಾಲ ಒಂದು ಕಡಿಮೆ, ನಡಿ’ ಅಂದೆ.

ಹೆಂಗಸರು ಕುಂಕುಮಕ್ಕೆ ಬಂದರು. ಧಾರವಾಡದ ಶೈಲಾ ಮೆಟ್ಟಿಲ ಮುಂದೆ ಬಗ್ಗಿ ನಿಂತು, ‘ಅಜ್ಜಿ, ಇದ್ಯಾವ ದೇವರ್ರಿ? ನಮ್ಮ ಕಡೆ ನೋಡಿಲ್ಲ ಬಿಡ್ರಿ’ ಅಂದಳು. ಮೈಸೂರಿನ ವೀಣಾ ಮೊದಲು ಕೈಮುಗಿದು ಆಮೇಲೆ ಯೋಚಿಸುವವಳು. ‘ವಾಹನ ಇರ್ಬೇಕು ಕಣೆ. ಒಂಟೆ ಯಾರ ವಾಹನ, ಫೋನಲ್ಲಿ ಚೆಕ್ ಮಾಡು.’

‘ವಾಹನಕ್ಕೆ ಯಾರಾದ್ರೂ ಸಾಕ್ಸ್ ಹಾಕ್ತಾರೇನ?’

‘ಇಲ್ಲಿ ಚಳಿ ಅಲ್ವಾ, ಅಜ್ಜೀನೇ ಹಾಕಿರ್ತಾರೆ.’

‘ಕೈ ಮುಗಿದಾಯ್ತಲ್ಲ, ಇನ್ನು ಯಾರಾದರೇನು. ಉಸಲಿ ಆರುತ್ತೆ’ ಅಂದೆ ನಾನು. ಇಬ್ಬರೂ ಅವನಿಗೂ ಅಕ್ಷತೆ ಹಾಕಿ ಹೋದರು.

ಎಲ್ಲ ಹೀಗೆಯೇ ಸಾಗಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ. ಹಬ್ಬ ಅರ್ಧ ಕಳೆದ ಮೇಲೆ ಒಂದು ಸಂಜೆ ಇಂಚರ ಬ್ಯಾಗು ಇಳಿಸದೆ ಮೆಟ್ಟಿಲ ಮುಂದೆ ಬಂದು ನಿಂತಳು. ಒಂಟೆಗಪ್ಪೆ ಅವಳದಲ್ಲವಂತೆ. ಕೆಳಗಿನ ಮಹಡಿಯ ಜಪಾನಿ ಹುಡುಗಿ ಹಾನಾಳದ್ದು, ಆಡಿ ಕೊಡುತ್ತೇನೆಂದು ಇವಳು ತಂದಿದ್ದಳು. ಹಾನಾ ನಾಳೆ ವಿಮಾನ ಹತ್ತಿ ಎರಡು ವಾರದ ಮಟ್ಟಿಗೆ ತನ್ನ ಅಜ್ಜಿಯ ಊರಿಗೆ ಹೋಗುತ್ತಾಳೆ, ಗೊಂಬೆ ಜೊತೆಗೆ ಹೋಗಬೇಕು, ಕೊಡಿಸಿದವಳು ಆ ಅಜ್ಜಿಯೇ. ಕೊಡದಿದ್ದರೆ ಇನ್ನು ಮಾತಿಲ್ಲ ಎಂದು ಬಸ್ಸಿನಲ್ಲೇ ಹೇಳಿ ಮುಖ ತಿರುಗಿಸಿದ್ದಾಳೆ.

‘ದಶಮಿವರೆಗೆ ಎಬ್ಬಿಸೋ ಹಾಗಿಲ್ಲ’ ಅಂದೆ.

ರೇವತಿ ಆಗ ತಾನೆ ಬಂದು ಬೂಟು ಬಿಚ್ಚುತ್ತಿದ್ದಳು. ‘ಅಮ್ಮ, ಅದು ಪ್ಲಾಸ್ಟಿಕ್ಕು. ಕೊಟ್ಟುಬಿಡು.’

‘ನೀನು ರೆಕ್ಕೆಗೆ ಹಾಕಿದ ಬೋಲ್ಟನ್ನ ವಿಮಾನ ಮೇಲಿರುವಾಗ ಬಿಚ್ಚಿ ಕೊಡ್ತೀಯೇನೆ?’

‘ವಿಮಾನಕ್ಕೂ ಇದಕ್ಕೂ ಏನಮ್ಮ ಸಂಬಂಧ? ಇರು, ಅಂಥದೇ ಇನ್ನೊಂದು ಆರ್ಡರ್ ಮಾಡ್ತೀನಿ, ನಾಳೆ ಬರುತ್ತೆ.’

‘ನೋ’ ಅಂದಳು ಇಂಚರ. ‘ಇಟ್ ಹ್ಯಾಸ್ ಟು ಬಿ ದಿಸ್ ಒನ್.’ ಈ ಒಂದು ವಿಷಯದಲ್ಲಿ ಅವಳೂ ನಾನೂ ಒಂದೇ.

ಮಗು ಅಳುತ್ತದೆ ಎಂದುಕೊಂಡೆ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಅಳುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಅವಳು ಬ್ಯಾಗು ಹೊತ್ತುಕೊಂಡೇ ನೆಲದಲ್ಲಿ ಕೂತಳು. ಆ ಸ್ಕೂಲಿಗೆ ಅವಳು ಹೊಸಬಳು, ಇನ್ನೂ ಯಾರ ಗುಂಪಿಗೂ ಸೇರಿರಲಿಲ್ಲ. ಕೆಲಸ ಆಗಬೇಕಾದಾಗ ಮಾತ್ರ ಹೊರಗೆ ತೆಗೆಯುವ ತನ್ನ ಕನ್ನಡದಲ್ಲಿ, ಒಂದೊಂದೇ ಮಾತು ಜೋಡಿಸಿ ಕೇಳಿದಳು:

‘ಅಜ್ಜಿ, ಆಮೇಲೆ ಬಸ್ಸಲ್ಲಿ ನಾನು ಯಾರ ಹತ್ರ ಕೂತ್ಕೊಳ್ಲಿ?’

‘ಕೈಕಾಲು ತೊಳ್ಕೊ, ಊಟ ಮಾಡು’ ಅಂದೆ. ಅವಳು ಊಟ ಮಾಡಲಿಲ್ಲ. ನಾನು ಮಾಡಿದೆ, ಸಾರು ಚೆನ್ನಾಗಿತ್ತು, ಆದರೆ ತಟ್ಟೆಯ ಮುಂದೆ ಕೂತಷ್ಟು ಹೊತ್ತೂ ಒಂಟೆಗಳೂ ಬೇಡವೆಂದು ಕಪ್ಪೆಗಳೂ ಬೇಡವೆಂದು ಒದ್ದು ಕಳಿಸಿದ ಆ ಪ್ರಾಣಿಯೇ ಕಣ್ಣ ಮುಂದೆ. ಅವನಿಗೆ ಒದೆ ಬಿದ್ದರೆ ನಗಬಹುದು, ಚಿತ್ರ ಬರೆದವನು ಮತ್ತೆ ಎಬ್ಬಿಸಿ ನಿಲ್ಲಿಸುತ್ತಾನೆ. ಸ್ಕೂಲ್ ಬಸ್ಸಿಗೆ ಹಾಗೆ ಚಿತ್ರ ಬರೆಯುವವನು ಯಾರಿದ್ದಾನೆ? ಕಟ್ಟುಪಾಡು ಮುರಿಯಲು ನನಗೆ ಮನಸ್ಸಿಲ್ಲ, ಮಗುವನ್ನು ಒಂಟಿ ಸೀಟಿನಲ್ಲಿ ಕೂರಿಸಲೂ ಇಲ್ಲ. ಎರಡರಲ್ಲಿ ಯಾವುದು ಬಗ್ಗುತ್ತದೆ ಎಂದು ಎರಡನೇ ಸಲ ಸಾರು ಹಾಕಿಸಿಕೊಳ್ಳುವ ಹೊತ್ತಿಗೆ ತಿಳಿಯಿತು. ಮಲಗಿಸದೆ ಎಬ್ಬಿಸಬಾರದು ಎಂದಲ್ಲವೆ ಮಾತು?

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ದೀಪ ಹಚ್ಚಿ, ಇಂಚರಳನ್ನು ಎಬ್ಬಿಸಿ ಮೆಟ್ಟಿಲ ಮುಂದೆ ಕೂರಿಸಿದೆ. ‘ಇವನೊಬ್ಬನಿಗೆ ಇವತ್ತೇ ದಶಮಿ’ ಎಂದು ಹೇಳಿ ಆರತಿ ಎತ್ತಿದೆ. ಆಮೇಲೆ ಕತ್ತು ಹಿಡಿದು ಮೆಲ್ಲಗೆ ಮಲಗಿಸಿದೆ. ಮಲಗುವವನೆ ಅವನು? ಹುಂಜದ ಬಾಲ ಮೆಟ್ಟಿಲಿಗೆ ತಾಗಿ, ಕಪ್ಪೆ ಹೊಟ್ಟೆ ಉರುಳಿ, ಒಂದೊಂದೇ ಮೆಟ್ಟಿಲು ಹಾರುತ್ತ, ಒಂಟೆ ಮೂತಿ ಕೆಳಗಾಗಿ, ನೈವೇದ್ಯಕ್ಕೆ ಇಟ್ಟಿದ್ದ ಉಸಲಿಯ ಪಾತ್ರೆಗೆ ಬಿದ್ದ. ಇಂಚರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನನ್ನ ಮುಖ ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ. ಅವನನ್ನು ತೊಳೆದು, ಹೊಸದಾಗಿ ಕುಂಕುಮ ಇಟ್ಟು, ರವಿಕೆ ಕಣದಲ್ಲಿ ಸುತ್ತಿ, ಹೊರಟ ಹೆಣ್ಣುಮಕ್ಕಳಿಗೆ ಕೊಡುವ ಹಾಗೆ ವೀಳ್ಯ, ಅಡಿಕೆ, ತೆಂಗಿನಕಾಯಿ ಜೊತೆಗಿಟ್ಟು, ಇಬ್ಬರೂ ಕೆಳಗಿನ ಮಹಡಿಗೆ ಹೋದೆವು. ಹಾನಾ ಬಾಗಿಲು ತೆರೆದು, ಬಟ್ಟೆ ಬಿಚ್ಚಿ, ಅವನ ಹಣೆಯ ಕುಂಕುಮ ನೋಡಿ ಏನೋ ಕೇಳಿದಳು. ಇಂಚರ ಏನೋ ಹೇಳಿದಳು. ಆ ಹುಡುಗಿ ಕೂದಲು ಹಿಂದಕ್ಕೆ ಸರಿಸಿ ತನ್ನ ಹಣೆಯನ್ನೂ ಮುಂದೆ ಚಾಚಿದಳು. ನನ್ನ ಬೆರಳಿನಲ್ಲಿ ಉಳಿದಿದ್ದನ್ನು ಅಲ್ಲಿಗೆ ಒತ್ತಿ, ಇಬ್ಬರೂ ಮಾತಾಡಿಕೊಳ್ಳಲಿ ಎಂದು ನಾನೊಬ್ಬಳೇ ಮೇಲೆ ಬಂದು, ಆ ದಿನಕ್ಕೆ ಬೇರೆ ಉಸಲಿಗೆ ಕಾಳು ಬೇಯಲಿಟ್ಟೆ.